ಹಾಲಸಿದ್ದಪ್ಪನ ಪಾಚಿ

ಬೆಳಗಿನ ಚಹಾ ಕೊಡುತ್ತ ಯಂಕವ್ವ ಹಾಲಸಿದ್ದಪ್ಪನನ್ನು ಹೊಗಳಿದಳು. ಅಲ್ಲಿಗೆ ಅವಳ ಗಂಡ ನಾಮದೇವನ ಚಹಾ ಕೆಟ್ಟಿತು.

“ಪ್ಲಾಸ್ಟಿಕ್ ಮೆತ್ತಗ ಮಾಡೋ ರಸಾಯನ ಹಳ್ಳದ ಪಾಚಿಯೊಳಗ ಐತಿ ಅಂತ ಕಂಡಹಿಡದಾರಂತ. ನೀವೂ ಏನರೆ ಹಿಡೀರಲ್ಲ!”

ಜಮಖಂಡಿಯ ಕಾಲೇಜಿನಲ್ಲಿ ನಾಮದೇವ ಇತಿಹಾಸ ಕಲಿಸುತ್ತಿದ್ದ, ಹಾಲಸಿದ್ದಪ್ಪ ಸಸ್ಯಶಾಸ್ತ್ರ. ಸಂಬಳದ ರಜೆ ಕೊಟ್ಟು ಡಾಕ್ಟರೇಟಿಗೆ ಆ ವರ್ಷ ಒಬ್ಬರನ್ನೇ ಕಳಿಸುವುದಿತ್ತು. ಅಂದು ಮಧ್ಯಾಹ್ನವೇ ಧಾರವಾಡದ ಪ್ರೊಫೆಸರು ಬಂದು ಎಲ್ಲರೆದುರು ಪಾಚಿಯನ್ನು ಪರೀಕ್ಷಿಸುವವರಿದ್ದರು. ರಸಾಯನ ಸಿಕ್ಕರೆ ರಜೆ ಹಾಲಸಿದ್ದಪ್ಪನಿಗೆ, ಸಿಗದಿದ್ದರೆ ನಾಮದೇವನಿಗೆ. ನಾಮದೇವನ ಹೊಟ್ಟೆ ಹಸಿಮೆಣಸಿನಕಾಯಿ ನುಂಗಿದಂತೆ ಉರಿಯುತ್ತಿತ್ತು.

ಹಳ್ಳದ ಪಾಚಿ ಚೆಲ್ಲಿ, ಮನೆಯ ಶುದ್ಧ ನೀರಿನ ಪಾಚಿ ಇಟ್ಟರೆ ರಸಾಯನ ಎಲ್ಲಿಂದ ಬರಬೇಕು! ಹಿತ್ತಲಿಗೆ ಓಡಿದ. ತೊಟ್ಟಿ ಥಳಥಳ ಹೊಳೆಯುತ್ತಿತ್ತು.

“ನಿನ್ನೆನ ತಿಕ್ಕೇನ್ರಿ,” ಎಂದಳು ಯಂಕವ್ವ. “ಪಾಚಿ ಪಾಚಿ ಅಂತ ನೀವ ಒದರತಿದ್ರಲ್ಲ.”

ಉಳಿದದ್ದು ತೊಟ್ಟಿಗೆ ನೀರು ಬಿಡುವ ಮೆತ್ತನೆಯ ಪ್ಲಾಸ್ಟಿಕ್ ಪೈಪು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದಿದ್ದ ಅದರೊಳಗೆ ಪಾಚಿ ದಟ್ಟವಾಗಿ ಕೂತಿತ್ತು. ನಾಮದೇವ ಪೈಪು ಸೀಳಿ ಚಮಚದಿಂದ ಕೆರೆಯತೊಡಗಿದ. ಪಕ್ಕದ ಮನೆಯ ಮುದಕವ್ವ ಗೋಡೆಯ ಮೇಲಿಂದ ಇಣುಕಿದಳು.

“ಯಂಕವ್ವಾ, ನಿನ್ನ ಗಂಡ ಪೈಪಿನ ಕರುಳ ತಗಿಯಾಕತ್ತಾನ ನೋಡ ಬೇ!”

“ಕಾಲೇಜಿಗೆ ಬೇಕಾಗೇತಿ ಅತ್ತಿ,” ಎಂದ ನಾಮದೇವ.

“ಇತಿಹಾಸಕ್ಕ ಪಾಚಿ ಯಾಕ ಬೇಕೋ ತಮ್ಮಾ?”

“ಇದು ಭಾಳ ಹಳೇ ಪಾಚಿ ಐತಿ ಅತ್ತಿ!”

ಊಟದ ಹೊತ್ತಿನಲ್ಲಿ ಪ್ರಯೋಗಾಲಯ ಖಾಲಿಯಿತ್ತು. ಗಾಜಿನ ಬಾಟಲಿಯ ಪಾಚಿಯನ್ನು ಕಿಟಕಿಯಾಚೆ ಚೆಲ್ಲಿ ತನ್ನದನ್ನು ತುಂಬಿದ. ಚೆಲ್ಲಿದ್ದು ಪ್ರಿನ್ಸಿಪಾಲರ ಸ್ಕೂಟರಿನ ಸೀಟಿಗೆ ಬಿತ್ತು. ಹೊಸ ಕರವಸ್ತ್ರದಿಂದ ಒರೆಸಿ ಬರುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ನಾಮದೇವ ಮುಂದಿನ ಸಾಲಿನಲ್ಲೇ ಕೂತ. ಹಾಲಸಿದ್ದಪ್ಪನ ಮುಖ ಬೆವರುವುದನ್ನು ನೋಡಿ ಅವನಿಗೆ ಹಬ್ಬದೂಟ ಉಂಡಷ್ಟು ಸುಖವಾಯಿತು.

ಕೊನೆಗೆ ಪ್ರೊಫೆಸರು ಕನ್ನಡಕ ತೆಗೆದರು. “ನೀವು ಬರೆದದ್ದಕ್ಕಿಂತ ಹತ್ತುಪಟ್ಟು ಹೆಚ್ಚೈತಲ್ರೀ ಹಾಲಸಿದ್ದಪ್ಪ! ಈ ಪಾಚಿ ಮೆತ್ತನ್ನ ಪ್ಲಾಸ್ಟಿಕ್ಕಿನ್ಯಾಗ ಹುಟ್ಟಿ ಬೆಳೆದಂಗೈತಿ!”

ನಾಮದೇವನ ಕಣ್ಣ ಮುಂದೆ ಸೀಳಿದ ಪೈಪು ಬಂದು ನಿಂತಿತು. ಪ್ರಿನ್ಸಿಪಾಲರು ಅಲ್ಲೇ ರಜೆ ಘೋಷಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಇವನೂ ತಟ್ಟಬೇಕಾಯಿತು.

ಹೊರಗೆ ಹಾಲಸಿದ್ದಪ್ಪ ಅವನನ್ನು ಮೂಲೆಗೆ ಕರೆದೊಯ್ದ.

“ನಿನ್ನ ಮುಂದ ಅಷ್ಟ ಹೇಳತೇನಿ ನಾಮದೇವಾ. ಮೊದಲ ನಾ ಪಾಚಿ ಇಟ್ಟ ಬಾಟಲಿ ಪ್ಲಾಸ್ಟಿಕ್ಕಿಂದಿತ್ತು, ರಸಾಯನ ಅದರಿಂದನ ಇಳದಿತ್ತೇನೋ ಅಂತ ಸಂಶಯ ಬಂತು. ನಿನ್ನೆ ಗಾಜಿನ ಬಾಟಲಿಯೊಳಗ ಹಾಕಿ ನೋಡಿದ್ರ ರಸಾಯನ ಒಂಚೂರೂ ಇರಲಿಲ್ಲ! ಇವತ್ತ ಎಲ್ಲಾರ ಮುಂದ ತಪ್ಪಾತು ಅನ್ನಾಕ ತಯಾರಾಗಿ ಪತ್ರಾನೂ ಬರದಿದ್ದೆ. ನೋಡಿದ್ರ, ನಿನ್ನಿನ ಲೆಕ್ಕಾನ ತಪ್ಪಿತ್ತು ಕಾಣಸ್ತೈತಿ!”

ನಗುತ್ತ ಕಿಸೆಯಿಂದ ಪತ್ರ ತೆಗೆದು ಹರಿದು, ಬುಟ್ಟಿಗೆ ಹಾಕೆಂದು ಗೆಳೆಯನ ಅಂಗೈಗೆ ಸುರಿದು ಹೋದ.

ನಾಮದೇವ ಚೂರುಗಳನ್ನು ಜೋಡಿಸಿ ಓದಿದ: ‘ಆದ್ದರಿಂದ ರಜೆಯನ್ನು ನಾಮದೇವರಿಗೇ ಕೊಡಬೇಕೆಂದು ವಿನಂತಿ.’