ಗುಲಾಬಿ ಎಲೆಗೆ ಒಂದು ಕೈ ಬಣ್ಣ

ಹೊಸ ಎಲೆ ಸುರುಳಿ ಬಿಚ್ಚಿತು. ಪೂರ್ತಿ ಹಸಿರು.

"ಕೆಟ್ಟೆ!" ಎಂದ ಶೇಡು ಮಾಸ್ತರ.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವನದು ಒಂದೇ ಕೆಲಸ: ತೊಟ್ಟಿಯಿಂದ ಬಂದ ಬಟ್ಟೆಯ ತುಂಡನ್ನು ಮಾದರಿಯ ಪಕ್ಕ ಹಿಡಿದು, ಎರಡೂ ಒಂದೇ ಬಣ್ಣವೋ ಅಲ್ಲವೋ ಹೇಳುವುದು. ಅದಕ್ಕೇ ಮ್ಯಾನೇಜರ್ ಮೇಡಂ ಹತ್ತು ದಿನ ರಜೆ ಹೋಗುವಾಗ ತಮ್ಮ ಫಿಲೋಡೆಂಡ್ರಾನ್ ಕುಂಡವನ್ನು ಅವನ ಕೈಗೇ ಕೊಟ್ಟಿದ್ದರು. ಕಡುಹಸಿರು ಎಲೆಗಳ ಮೇಲೆ ಯಾರೋ ಗುಲಾಬಿ ಬಣ್ಣ ಚೆಲ್ಲಿ ಓಡಿಹೋದಂಥ ಗಿಡ. "ಗುಲಾಬಿ ಹಾಗೇ ಇರ್ಬೇಕು ಮಾಸ್ತರ್ರೇ. ಬಂದ್ಮೇಲೆ ನಿಮ್ಮ ಬೆಳಗಿನ ಶಿಫ್ಟಿನ ಅರ್ಜಿ ನೋಡೋಣ" ಎಂದಿದ್ದರು.

ಆ ಅರ್ಜಿಗೆ ಎರಡು ವರ್ಷ ತುಂಬಿತ್ತು. ಮಧ್ಯಾಹ್ನದ ಶಿಫ್ಟಿನವನಿಗೆ ಆರು ವರ್ಷದ ಮಗಳು ಸಿಗುತ್ತಿದ್ದುದು ಬೆಳಿಗ್ಗೆ ಐದು ನಿಮಿಷ, ಅದೂ ಬಾಯಿ ತುಂಬ ಪೇಸ್ಟಿನ ನೊರೆಯೊಂದಿಗೆ. ಅವಳ ದನಿ ಹೇಗಿದೆ ಎಂದು ತಿಳಿಯಲು ವಾರದ ರಜೆಯೇ ಬರಬೇಕು.

ಮೇಡಂ ಬರುವುದು ಇವತ್ತು ನಾಲ್ಕಕ್ಕೆ. ಈಗ ಎರಡೂ ಹತ್ತು.

"ಬೆಳಕು ಸಾಲ್ದು. ಕಿಟಕೀಲಿ ಇಡಪ್ಪಾ. ನಮ್ಮನೇಲಿ ಹನ್ನೊಂದು ಗಿಡ ಸಾಕಿದೀನಿ" ಎಂದಳು ಬಟ್ಟೆ ಮಡಿಸುವ ಅಕ್ಕ. ಹನ್ನೊಂದೂ ಪ್ಲಾಸ್ಟಿಕ್ಕಿನವು ಎಂಬುದನ್ನು ಮಾತ್ರ, ಬಿಸಿಲಿಗೆ ಇದ್ದಬದ್ದ ಗುಲಾಬಿಯೂ ಕಂದಿದ ಮೇಲೆ ಹೇಳಿದಳು.

"ಬಿಸಿಲಲ್ಲ ಕಣ್ರೀ, ಹಬೆ! ಕಾಡಿನ ಗಿಡ ಅದು!" ಎಂದು ಬಾಯ್ಲರಿನವನು ಕುಂಡ ಎತ್ತಿಕೊಂಡೇ ಹೋದ. ಮೂರು ನಿಮಿಷದ ನಂತರ ಹೊರಬಂದ ಗಿಡ, ಮದುವೆ ಮನೆಯಲ್ಲಿ ಊಟ ಸಿಗದ ನೆಂಟನ ಹಾಗೆ ಮುಖ ಜೋಲು ಹಾಕಿತ್ತು.

ಆಗ ಬಂದವನು ಬಣ್ಣದಜ್ಜ. ನಲವತ್ತು ವರ್ಷದಿಂದ ಬಣ್ಣ ಕಲಸುತ್ತಿದ್ದವನು. ಎಲೆಯನ್ನು ಸೀರೆಯ ಸೆರಗಿನಂತೆ ಬೆರಳಲ್ಲಿ ಉಜ್ಜಿ ನೋಡಿದ.

"ಬಣ್ಣ ಇಳಿದಿದೆ, ಅಷ್ಟೇ. ತೊಟ್ಟಿಗೆ ಹಾಕೋಣ."

"ಅಜ್ಜಾ, ಅದಕ್ಕೆ ಜೀವ ಇದೆ!"

"ಸರಿ, ಹಾಗಾದ್ರೆ ಕುದಿಸೋದು ಬೇಡ."

ಬಾಯ್ಲರಿನವನು ಹಲ್ಲು ಕೀಳಿಸಿಕೊಳ್ಳುವವನ ತಲೆ ಹಿಡಿದಂತೆ ಕುಂಡ ಹಿಡಿದ. ಅಕ್ಕ ರಟ್ಟಿನಿಂದ ಗಾಳಿ ಬೀಸಿದಳು. ಅಜ್ಜ ಈ ಡಬ್ಬಿಯಿಂದ ಒಂದಿಷ್ಟು, ಆ ಡಬ್ಬಿಯಿಂದ ಒಂದಿಷ್ಟು ಬಗ್ಗಿಸಿ, ಕೊನೆಗೆ ತಾನು ಕುಡಿಯುತ್ತಿದ್ದ ಚಹಾವನ್ನೂ ಒಂದು ಗುಟುಕು ಸುರಿದು, ಸ್ಪಂಜಿನಲ್ಲಿ ಅದ್ದಿ ಹಚ್ಚತೊಡಗಿದ. ಬೇಡ ಬೇಡ ಎನ್ನುತ್ತಿದ್ದ ಮಾಸ್ತರನೊಳಗಿನ ಉದ್ಯೋಗ ಸುಮ್ಮನಿರಲಿಲ್ಲ.

"ಇನ್ನೊಂಚೂರು ಕೆಂಪು ಅಜ್ಜಾ... ಅಯ್ಯೋ, ಜಾಸ್ತಿಯಾಯ್ತು. ಮೂರನೇ ಎಲೆ ರಿಜೆಕ್ಟ್, ಮತ್ತೆ ಹಚ್ಚಿ!"

ನಾಲ್ಕಕ್ಕೆ ಐದು ನಿಮಿಷ ಇರುವಾಗ ಗಿಡ ಥಳಥಳಿಸುತ್ತಿತ್ತು. ಮಾಸ್ತರ ಅಭ್ಯಾಸಬಲದಿಂದ 'ಸರಿ ಇದೆ' ಎಂಬ ಚೀಟಿಗೆ ಸಹಿ ಹಾಕಿ ಕುಂಡಕ್ಕೆ ಅಂಟಿಸಿಯೂಬಿಟ್ಟ. ಮೇಡಂ ಚಪ್ಪಲಿಯ ಸದ್ದು ಕೇಳಿದಾಗ ಕಿತ್ತು ಜೇಬಿಗೆ ತುರುಕಿಕೊಂಡ.

ಮೇಡಂ ಒಬ್ಬರೇ ಬಂದಿರಲಿಲ್ಲ. ಜೊತೆಗೆ ಕಾರ್ಖಾನೆಯ ಅತಿ ದೊಡ್ಡ ಗ್ರಾಹಕ. ಆತ ಎಲೆಯ ಮೇಲೆ ಮೂಗು ತಾಗುವಷ್ಟು ಬಗ್ಗಿದ. ಮಾಸ್ತರ ಉಸಿರು ಬಿಗಿಹಿಡಿದ.

"ಇದೇ!" ಗ್ರಾಹಕ ಕೂಗಿದ. "ಆರು ತಿಂಗಳಿಂದ ಹುಡುಕ್ತಿರೋ ಬಣ್ಣ! ಪ್ರಕೃತಿ ಅಂದ್ರೆ ಪ್ರಕೃತಿ. ಮನುಷ್ಯನ ಕೈಲಿ ಆಗುತ್ತೇನ್ರೀ ಇದು? ಹತ್ತು ಸಾವಿರ ಮೀಟರ್ ಬೇಕು. ಕೂದಲೆಳೆ ವ್ಯತ್ಯಾಸ ಇರಬಾರ್ದು."

ಮೇಡಂ ಮುಖ ಊರಗಲವಾಯಿತು. "ಏನ್ ಚೆನ್ನಾಗಿ ನೋಡ್ಕೊಂಡಿದೀರಿ ಮಾಸ್ತರ್ರೇ! ನಿಮ್ಮ ಅರ್ಜಿಗೆ ಇವತ್ತೇ ಸಹಿ."

ಮಾಸ್ತರನ ಕಣ್ಣು ತುಂಬಿ ಬಂತು.

"ಆದ್ರೆ ಬಣ್ಣದಜ್ಜ ಬರೋದು ಮಧ್ಯಾಹ್ನ ಅಲ್ವಾ?" ಮೇಡಂ ಮುಂದುವರಿಸಿದರು. "ಅಲ್ಲೀವರೆಗೆ ನೀವೂ ಮಧ್ಯಾಹ್ನವೇ ಬನ್ನಿ. ಇಬ್ಬರೂ ಕೂತು ಈ ಎಲೆ ಬಣ್ಣ ಬಟ್ಟೆಗೆ ಹೊಂದಿಸಿ. ಹೊಂದಿದ ಮರುದಿನದಿಂದ ನಿಮಗೆ ಬೆಳಗಿನ ಶಿಫ್ಟು."

ಇಷ್ಟೇ ತಾನೇ! ನಾಳೆಯೇ ಮುಗಿಯಿತು! ಮಾಸ್ತರ ಒಂದೇ ಉಸಿರಿಗೆ ತೊಟ್ಟಿಯ ಹತ್ತಿರ ಓಡಿದ. "ಅಜ್ಜಾ, ಬೇಗ ಹೇಳಿ, ಬರ್ಕೋತೀನಿ. ಯಾವ್ಯಾವ್ದು ಎಷ್ಟೆಷ್ಟು ಹಾಕಿದ್ರಿ?"

ಅಜ್ಜ ಸ್ಪಂಜು ಹಿಂಡುತ್ತಾ ತಲೆಯೆತ್ತಿ ನೋಡಿದ.

"ಬಟ್ಟೆಗಾಗಿದ್ರೆ ಅಳೆದು ಹಾಕ್ತಿದ್ದೆ. ಎಲೆಗೆ ಯಾರಪ್ಪಾ ಅಳೀತಾರೆ?"