ಮೊದಲ ತಾಂಬೂಲದ ತಾಮ್ರಪಟ

ಹಿಂದೂಪುರದ ಹುಣಸೆಹಣ್ಣಿನ ವ್ಯಾಪಾರಿ ಕೊಟ್ಟೂರಪ್ಪನಿಗೆ ಕಷ್ಟ ಶುರುವಾದದ್ದು ಒಂದು ಹಿಡಿ ಹುಣಸೆಹಣ್ಣಿನಿಂದಲೇ. ಕಾರ್ತಿಕ ಸೋಮವಾರದ ಬೆಳಗ್ಗೆ ಹೆಂಡತಿ ಕರಿಬಸಮ್ಮ ದೇವರ ಕೋಣೆಯ ತಾಮ್ರದ ಹಲಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ತಲೆಮಾರುಗಳ ವಿಭೂತಿ, ಎಣ್ಣೆ ಮೆತ್ತಿಕೊಂಡು ರಾಗಿರೊಟ್ಟಿಯಷ್ಟು ದಪ್ಪಗಾಗಿದ್ದ ಹಲಗೆಯಲ್ಲಿ ಹಳೆಯ ಅಕ್ಷರಗಳು ಎದ್ದವು.

"ಬನ್ನಿ ಇಲ್ಲಿ! ದೇವ್ರ ಮೈಮೇಲೆಲ್ಲ ಬರ್ದವ್ರೆ!"

ಪಕ್ಕದ ಟೀ ಅಂಗಡಿಯ ಓಬುಳಪತಿ ಹಲ್ಲುಜ್ಜುತ್ತಲೇ ಬಂದು ಇಣುಕಿದ. ಅವನಿಗೆ ದಕ್ಕಿದ್ದು 'ಪಾಳೆಯಗಾರ', 'ಮೊದಲ ತಾಂಬೂಲ' ಎಂಬ ಎರಡೇ ಮಾತು. ಅಷ್ಟೇ ಸಾಕಾಯಿತು.

"ಇಂಕೇಮಪ್ಪಾ, ಇನ್ನೇನ್ ಬೇಕು! ಮೊದಲ ತಾಂಬೂಲ ನಿಮ್ ವಂಶಕ್ಕೇ ಬರ್ಕೊಟ್ಬುಟ್ಟವ್ರೆ!"

ಕೊಟ್ಟೂರಪ್ಪನ ಕಣ್ಣು ತುಂಬಿತು. ಕಲ್ಯಾಣದುರ್ಗದಲ್ಲಿ ಅವರ ಮನೆದೇವರು ಈಶ್ವರನ ಗುಡಿ. ಕಾರ್ತಿಕ ಪೂಜೆಯ ಮೊದಲ ತಾಂಬೂಲ ಅಲ್ಲಿ ಎಂದಿನಿಂದಲೋ ದಾಯಾದಿ ವಿಜಯಕುಮಾರನ ಮನೆಗೆ ಸಲ್ಲುತ್ತಿತ್ತು. ಆ ಎಲೆಅಡಿಕೆಗಾಗಿ ಅಪ್ಪ ಕೊರಗಿಯೇ ಸತ್ತರು. ಬಾಯಿಗೆ ನೀರು ಬಿಡುವಾಗಲೂ ಕೇಳಿದ್ದು ಒಂದೇ ಮಾತು: "ಕೊಟ್ರೇನ್ಲಾ?"

ಹಲಗೆಯನ್ನು ಪಂಚೆಯಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ಕೊಟ್ಟೂರಪ್ಪ ಕಲ್ಯಾಣದುರ್ಗದ ಬಸ್ ಹತ್ತಿದ. ಓಬುಳಪತಿಯೂ ಅಂಗಡಿ ಮುಚ್ಚಿ ಹಿಂದೆಯೇ ಬಂದು, ಬಸ್ಸಿಗೆಲ್ಲ ಸುದ್ದಿ ಹಂಚಿದ. ರೊದ್ದಂ ದಾಟುವಷ್ಟರಲ್ಲಿ ಕೊಟ್ಟೂರಪ್ಪ ಪಾಳೆಯಗಾರರ ಮರಿಮಗನಾಗಿದ್ದ. ಮುದುಕಿಯೊಬ್ಬಳು ಕೈಮುಗಿದು, "ಸ್ವಾಮಿ, ನಮ್ ಹೊಲದ ಬದುವಿನ ಗಲಾಟೆನೂ ತೀರಿಸ್ಬುಡಪ್ಪ" ಎಂದಳು.

ಗುಡಿ ತುಂಬ ಜನ. ವಿಜಯಕುಮಾರ ನಕ್ಕ. "ಏನಣ್ಣ, ಹಂಡೆ ಮುಚ್ಚಳ ತಂದ್ಬುಟ್ಟಿದೀಯ?"

"ಪಾಳೇಗಾರರ ಅಪ್ಪಣೆ ಕಣ್ಲಾ! ಇದ್ರಾಗೆ ಹೆಂಗೈತೋ ಹಂಗೇ ನಡೀಬೇಕು!"

ಕೊಟ್ಟೂರಪ್ಪ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಿದ. ಅಷ್ಟು ಜನರ ಮುಂದೆ ವಿಜಯಕುಮಾರನೂ ಆರಿಸಬೇಕಾಯಿತು.

ಹಳೆಯ ಲಿಪಿ ಬಲ್ಲ ನಿವೃತ್ತ ಮೇಷ್ಟ್ರು ಕೇಶವಯ್ಯ ಹಲಗೆ ಹಿಡಿದು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಸಾರಾಂಶ ಹೇಳ್ಬುಡಿ ಸಾರ್, ಸಾಕು," ಎಂದ ಓಬುಳಪತಿ.

"ಸಾರಾಂಶ ಇಷ್ಟೇ ಕಣಪ್ಪ. ಅಣ್ಣತಮ್ಮಂದಿರಿಬ್ರು ತಾಂಬೂಲಕ್ಕೋಸ್ಕರ ಇದೇ ಗುಡೀಲಿ ತಲೆ ಒಡ್ಕೊಂಡವ್ರೆ. ಪಾಳೇಗಾರರಿಗೆ ಸಾಕಾಗಿ, ಮೊದಲ ತಾಂಬೂಲ ಇಬ್ಬರ ವಂಶಕ್ಕೂ ಇಲ್ಲ, ಗುಡಿ ಬಸವನಿಗೆ ಅಂತ ಬರೆಸವ್ರೆ."

ವಿಜಯಕುಮಾರನ ಮುಖ ಬಾಡಿತು. ಅದನ್ನು ಕಂಡು ಕೊಟ್ಟೂರಪ್ಪನಿಗೆ ಅರೆಕ್ಷಣ ಹಾಯೆನಿಸಿತು.

"ತಾಳಪ್ಪ, ಇನ್ನೊಂದ್ ಸಾಲೈತೆ. ಹಲಗೆ ಕಾಯೋ ಮನೆಯವರು ಕಾರ್ತಿಕ ಪೂರ್ತಿ ಇಲ್ಲೇ ಇದ್ದು ಬಸವನ ಹಗ್ಗ ಹಿಡೀಬೇಕು, ಸಗಣಿ ಬಾಚಬೇಕು."

"ಹರ ಹರ ಮಹಾದೇವ!" ಎಂದಿತು ಜನ. ಕೊಟ್ಟೂರಪ್ಪನ ಸುಟ್ಟ ಅಂಗೈಗೆ ಪೂಜಾರಿ ಬಸವನ ಹಗ್ಗ ಕೊಟ್ಟರು. ಬಸವ ತಾಂಬೂಲವನ್ನು ಒಂದೇ ಬಾಯಿಗೆ ಎಳೆದುಕೊಂಡು, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು. ವಿಜಯಕುಮಾರ ಸಗಣಿ ಪುಟ್ಟಿಯನ್ನು ತಂದು ಕಾಲ ಬಳಿ ಇಟ್ಟ. "ಹಲಗೆ ಜೋಪಾನ ಕಣಣ್ಣ. ಕಳ್ಕೊಂಡ್ಬುಟ್ಟೀಯ."

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಕರಿಬಸಮ್ಮ.

"ಏನಂದ್ರೆ, ಕೊಟ್ರಾ?"

ಕೊಟ್ಟೂರಪ್ಪ ಹಗ್ಗವನ್ನು ನೋಡಿದ, ಪುಟ್ಟಿಯನ್ನು ನೋಡಿದ. ಒಳಗೆ ಈಶ್ವರನ ದೀಪ ಅಲುಗದೆ ಉರಿಯುತ್ತಿತ್ತು.

"ಹೂಂ ಕಣೆ," ಎಂದ. "ಕೊಟ್ರು."