ಮರುಭೂಮಿಯಲ್ಲಿ ನಾನು ಮಾಡಿದ ಕೆಸರು

ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಥಾರ್ ಮರುಭೂಮಿಯ ಪಾಠ ಮಾಡಿದವನು ನಾನು. ನನ್ನ ವರ್ಣನೆ ಕೇಳಿ ಹಿಂದಿನ ಬೆಂಚಿನವರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಪಾಠ ಮುಗಿಯುವಷ್ಟರಲ್ಲಿ ಶಾಲೆಯ ಬಾವಿ ಬತ್ತುತ್ತಿತ್ತು! ಅದೂ ಜುಲೈ ತಿಂಗಳಲ್ಲಿ, ಶಿರಸಿಯಲ್ಲಿ! ಆದರೆ ಒಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ. ನಾನು ಕಣ್ಣಾರೆ ಕಂಡ ಅತಿ ದೊಡ್ಡ ಮರಳುಗಾಡೆಂದರೆ, ಇಸಳೂರಿನ ನಮ್ಮ ಪಕ್ಕದ ಸೈಟಿನವರು ಮನೆ ಕಟ್ಟಲು ಸುರಿಸಿದ ಎರಡು ಟಿಪ್ಪರ್ ಮರಳು. ಅದರ ಮೇಲೂ ಸದಾ ಬೆಕ್ಕೊಂದು ಮಲಗಿರುತ್ತಿತ್ತು.

ಈ ಕಳಂಕ ತೊಳೆಯಲು ದೇವರೇ ಕಳಿಸಿದಂತೆ ಬಂದವನು ದಸ್ತಗೀರ್. ದಾಸನಕೊಪ್ಪದ ಗ್ಯಾರೇಜಿನವನು, ನನ್ನ ಹಳೆಯ ವಿದ್ಯಾರ್ಥಿ, ಈಗ ಅವನ ಗಡ್ಡವೂ ಅರ್ಧ ಬೆಳ್ಳಗಾಗಿದೆ. ಗುಜರಿಗೆ ಹೋಗಬೇಕಿದ್ದ ಟೆಂಪೊ ಒಂದನ್ನು ಎರಡು ವರ್ಷ ಕುಟ್ಟಿ, ಬೆಸೆದು, ಬಣ್ಣ ಹೊಡೆದು ಚಕ್ರದ ಮೇಲಿನ ಮನೆ ಮಾಡಿದ್ದ. ಎರಡು ಮಂಚ, ಗ್ಯಾಸ್ ಒಲೆ, ಹಿಂಬದಿಯಲ್ಲಿ ಕೈ ತೊಳೆಯುವ ಬೋಗುಣಿ, ಅದರ ಮೇಲೆ ನೂರು ಲೀಟರಿನ ಸ್ಟೀಲ್ ಟ್ಯಾಂಕು. ಟ್ಯಾಂಕಿಗೆ ಮಿರಮಿರ ಮಿಂಚುವ ಹಿತ್ತಾಳೆ ನಲ್ಲಿ. ಆ ಕೆಲಸ ನೋಡಿದರೆ ವಿಶ್ವಕರ್ಮನೂ ಬಂದು ಸ್ಪ್ಯಾನರ್ ಹಿಡಿದು ಕೊಡಬೇಕು!

ಹಾಗೆಂದು ಅವನು ಶಾಲೆಯಲ್ಲಿ ಮಿಂಚಿದವನೇನಲ್ಲ. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ 'ಮರುಭೂಮಿಯ ಜನಜೀವನವನ್ನು ವಿವರಿಸಿ' ಎಂಬ ಐದು ಅಂಕದ ಪ್ರಶ್ನೆಗೆ ಒಂದೇ ಸಾಲು ಬರೆದಿದ್ದ: 'ಅಲ್ಲಿ ನೀರು ಇಲ್ಲ, ಅದಕ್ಕೆ ಎಲ್ಲರೂ ಹುಷಾರಾಗಿ ಇರುತ್ತಾರೆ.' ನಾನು ಸೊನ್ನೆ ಸುತ್ತಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ವಿವರ ಸಾಲದು' ಎಂದು ಬರೆದಿದ್ದೆ. ಹಳೆಯ ಕತೆ. ಯಾರಿಗೆ ನೆನಪಿರುತ್ತದೆ!

"ಸರ್ರ, ನನ್ನ ಗಾಡಿಯ ಮೊದಲನೇ ಸವಾರಿ ನಿಮ್ಮದ ಆಗಬೇಕ್ರಿ. ಎಲ್ಲಿಗೆ ಹೋಗೂಣು ಹೇಳ್ರಿ."

"ಥಾರ್!" ಎಂದೆ. ಕುರ್ಚಿಯಿಂದ ಎದ್ದೇ ಹೇಳಿದ್ದು.

"ಆತ್ರಿ. ಆದ್ರ ನಾಳಿದ್ದರಿಂದ ರಂಜಾನ್ ಐತಿ. ನಾ ರೋಜಾ ಇರ್ತೀನಿ. ತಡ ಮಾಡಿದ್ರ ಅಲ್ಲಿ ಬಿಸಿಲು ಕಾದ ಹಂಚು ಆಗಿಬಿಡತೈತಿ."

"ಪ್ರಯಾಣದಲ್ಲಿದ್ದವರಿಗೆ ವಿನಾಯಿತಿ ಇದೆಯಂತಲ್ಲೋ?"

"ಐತ್ರಿ. ಆದ್ರ ಕುಂತು ಗಾಡಿ ಹೊಡಿಯೂದು ಏನ್ ದೊಡ್ಡದ್ರಿ? ಎಂಜಿನ್ನಿಗೆ ಬೇಕಾದ್ದು ಡೀಸೆಲ್ಲು, ನನಗಲ್ಲ."

ಈ ಮಾತು ಕೇಳಿ ನನ್ನೊಳಗಿನ ಭೀಷ್ಮ ಎದ್ದು ನಿಂತ. "ಹಾಗಾದರೆ ಕೇಳು! ನಿನ್ನ ಜೊತೆ ನಾನೂ ಉಪವಾಸ. ಹೊರಟ ದಿನದಿಂದ ಊರು ಮುಟ್ಟುವವರೆಗೆ ಸೂರ್ಯ ಇರುವಷ್ಟು ಹೊತ್ತು ಹನಿ ನೀರು ಮುಟ್ಟೆ!"

ಒಳಗಿಂದ ನನ್ನ ಹೆಂಡತಿ ರೋಹಿಣಿಯ ನಗು ಕೇಳಿತು. "ಏಕಾದಶಿ ದಿನ ನಿಂಗಳ ಉಪವಾಸಕ್ಕೆ ಒಂದು ಸೇರು ಅವಲಕ್ಕಿ, ಅರ್ಧ ಬಾಳೆಗೊನೆ ಬೇಕಾಗ್ತು. ಅದು ಜೀರ್ಣ ಆಪಲೆ ಮತ್ತೆ ಕಷಾಯ! ದಸ್ತಗೀರಣ್ಣನ ಎದುರು ಎಂತಕ್ಕೆ ಈ ಪ್ರತಾಪ?"

"ನೀನು ನೋಡ್ತಾ ಇರು. ಆನು ಹೇಳಿದ್ರೆ ಮುಗಿತ್ತು."

"ಮುಗಿತ್ತು ಹೇಳಿ ಎಂಗೂ ಗೊತ್ತಿದ್ದು. ಎಷ್ಟು ಗಂಟೆಗೆ ಹೇಳಿ ಮಾತ್ರ ಗೊತ್ತಿಲ್ಲೆ."

ರೋಹಿಣಿಯೂ ಸೇರಿ ಮೂವರೂ ಹೊರಟೆವು. ನಸುಕಿನ ಸಹರಿ ಊಟದಲ್ಲಿ ನನ್ನ ನಿಷ್ಠೆಯನ್ನು ಯಾರೂ ಸಂಶಯಿಸುವಂತಿರಲಿಲ್ಲ. ದಸ್ತಗೀರ್ ಎರಡು ರೊಟ್ಟಿ, ಒಂದು ಲೋಟ ಮಜ್ಜಿಗೆಗೆ ಕೈ ತೊಳೆದರೆ, ನಾನು ಅವನಿಗೆ ಬಲ ಬರಲೆಂದು ಅವನ ಪಾಲಿನದನ್ನೂ ತಿನ್ನುತ್ತಿದ್ದೆ. ಹಗಲಿಡೀ ಅವನು ಸ್ಟಿಯರಿಂಗ್ ಹಿಡಿದು ಕೂತರೆ ತುಟಿ ಒಣಗುತ್ತಿತ್ತು, ಮುಖ ಮಾತ್ರ ಬಾಡುತ್ತಿರಲಿಲ್ಲ. ಹುಬ್ಬಳ್ಳಿ ದಾಟಿ, ಎರಡು ರಾಜ್ಯ ದಾಟಿ, ಲಾರಿಗಳು ಕಟ್ಟಿರುವೆಯಂತೆ ಮುತ್ತುವ ಹೆದ್ದಾರಿಯಲ್ಲಿ ಒಬ್ಬನ ಮೇಲೂ ಬೈಗುಳ ಬಿಟ್ಟವನಲ್ಲ. ಹೊಟ್ಟೆ ತುಂಬಿದಾಗಲೇ ನಾನು ಬಸ್ಸಿನ ಕಂಡಕ್ಟರನ ಜೊತೆ ಮೂರು ಜಗಳ ಆಡುವವ. ನಿಜವಾಗಿ ಹೇಳುತ್ತೇನೆ, ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ರೋಹಿಣಿಯದು ಇನ್ನೊಂದು ವ್ರತ. ಸಂಜೆ ಅವನ ಮೊಬೈಲಿನಲ್ಲಿ ಅಜಾನ್ ಆಗುವುದಕ್ಕೆ ಸರಿಯಾಗಿ ಲೋಟದಲ್ಲಿ ತಣ್ಣನೆ ನೀರು, ತಟ್ಟೆಯಲ್ಲಿ ಖರ್ಜೂರ, ಪಕ್ಕದಲ್ಲಿ ನಮ್ಮ ಕಡೆ ನೆಂಟರಿಗೆ ಕೊಡುವಂತೆ ಒಂದು ಉಂಡೆ ಬೆಲ್ಲ. ಅವನು ಮೊದಲ ಗುಟುಕು ಇಳಿಸುವುದನ್ನು ಅವಳು ನಿಂತು ನೋಡುತ್ತಿದ್ದಳು. ಐವತ್ತು ವರ್ಷದ ಸಂಸಾರದಲ್ಲಿ ನನ್ನ ಊಟವನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ನೆನಪಿಲ್ಲ.

ಈಗ ನನ್ನ ಪಾಪ. ನಾನು ಊಟ ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಆದರೆ ಕವಳ? ನಮ್ಮವರಲ್ಲಿ ಎಲೆ ಅಡಿಕೆ ಆಹಾರ ಅಂತ ಯಾರಾದರೂ ಲೆಕ್ಕ ಹಿಡಿದದ್ದು ಉಂಟೆ? ಅದು ಉಸಿರಾಟದ ಒಂದು ಭಾಗ! ಏಕಾದಶಿಯ ದಿನ ನಮ್ಮ ಅಜ್ಜನ ಬಾಯಿಗೆ ಅನ್ನ ಬೀಳುತ್ತಿರಲಿಲ್ಲ, ಕವಳ ತಪ್ಪುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಡಬ್ಬಿಯಲ್ಲಿ ಸುಣ್ಣ ಅಡಿಕೆ, ಎಲ್ಲ ನನ್ನ ಚೀಲದ ತಳದಲ್ಲಿದ್ದವು. ಮಧ್ಯಾಹ್ನ ಗಾಡಿ ನಿಂತಾಗ ಹಿಂಬದಿಯ ಬೋಗುಣಿಯ ಬಳಿ ಹೋಗಿ, ಮೆತ್ತಗೆ ಒಂದು ಹಾಕಿ, ಉಗಿದು, ಬಾಯಿ ಮುಕ್ಕಳಿಸಿ, ಯೋಗಿಯ ಮುಖ ಮಾಡಿಕೊಂಡು ಬರುತ್ತಿದ್ದೆ. ನುಂಗದಿದ್ದರೆ ಉಪವಾಸ ಮುರಿಯುವುದಿಲ್ಲ ಎಂಬ ಶಾಸ್ತ್ರವನ್ನು ನಾನೇ ರಚಿಸಿಕೊಂಡಿದ್ದೆ.

ಐದನೇ ದಿನ ಜೈಸಲ್ಮೇರನ್ನೂ ದಾಟಿ ಹೋದೆವು. ಕೊನೆಗೂ ಥಾರ್! ದಿಗಂತದವರೆಗೆ ಮರಳು, ಮರಳು, ಒಂದು ಬೆಕ್ಕೂ ಇಲ್ಲ! ಚಪ್ಪಟೆಯಾದ, ಒಣಗಿ ಸೀಳು ಬಿಟ್ಟ ಜೇಡಿಮಣ್ಣಿನ ಬಯಲಲ್ಲಿ ದಸ್ತಗೀರ್ ಗಾಡಿ ನಿಲ್ಲಿಸಿದ. "ನೀರಿನ ಬಾಟಲಿ ತುಂಬಿಸಿಕೊಂಡು ಬರೋಣೇನ್ರಿ?" ಎಂದು ಹಿಂದಿನ ಊರಲ್ಲಿ ಕೇಳಿದಾಗ "ಟ್ಯಾಂಕು ತುಂಬಿದೆಯಲ್ಲೋ!" ಎಂದು ತಡೆದವನೂ ನಾನೇ. ಅವನು ನಮಾಜಿಗೆ ಚಾಪೆ ಹಾಸಿದ, ರೋಹಿಣಿ ಒಂದು ಗಳಿಗೆ ಅಡ್ಡಾದಳು. ನಾನು ನನ್ನ ಗುಪ್ತ ಪೂಜೆ ಮುಗಿಸಿ, ನಲ್ಲಿ ತಿರುಗಿಸಿ, ಬಾಯಿ ಮುಕ್ಕಳಿಸಿ, ಮರಳ ದಿಣ್ಣೆ ಏರಿದೆ.

ನಲ್ಲಿ ಬಂದ್ ಮಾಡಿದೆನೆ? ಇಲ್ಲ. ಯಾಕೆ ಮಾಡಬೇಕು? ನಾನು ಹುಟ್ಟಿ ಬೆಳೆದದ್ದು ಸಿದ್ದಾಪುರದ ಹೇರೂರಿನಲ್ಲಿ. ಗುಡ್ಡದಿಂದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರು ನಮ್ಮ ಬಚ್ಚಲಿನಲ್ಲಿ ಹಗಲೂ ಇರುಳೂ ಸುರಿಯುತ್ತಿತ್ತು. ಅದನ್ನು ನಿಲ್ಲಿಸುವ ತಿರುಪೇ ಇರಲಿಲ್ಲ. ನೀರು ಸುರಿಯುವ ಸದ್ದು ನನ್ನ ಕಿವಿಗೆ ಸದ್ದೇ ಅಲ್ಲ. ಅದು ನಿಂತರೆ ಎಚ್ಚರಾಗುವ ಜಾತಿ ನಮ್ಮದು!

ದಿಣ್ಣೆಯ ಮೇಲೆ ನಿಂತು ಯಾರೂ ಇಲ್ಲದ ಬಯಲಿಗೆ ಮುಕ್ಕಾಲು ಗಂಟೆ ಪಾಠ ಮಾಡಿದೆ. ಇಳಿದು ಬರುವಾಗ ರೋಹಿಣಿಯ ಕೂಗು.

"ಹೌದ್ರ! ಟ್ಯಾಂಕಲ್ಲಿ ಹನಿ ನೀರಿಲ್ಲೆ! ನಲ್ಲಿ ತೆರದು ಇಟ್ಟದ್ದು ಯಾರು?"

ನೂರು ಲೀಟರೂ ಗಾಡಿಯಡಿಗೆ ಇಳಿದಿತ್ತು. ಸೂರ್ಯ ಮುಳುಗಲು ಒಂದು ತಾಸು. ಹನ್ನೆರಡು ತಾಸಿನಿಂದ ನೀರು ಕಾಣದ ಮನುಷ್ಯ, ನಮಾಜು ಮುಗಿಸಿ ಅಲ್ಲೇ ಕೂತಿದ್ದವನು, ಚಾಪೆ ಮಡಚಿಕೊಂಡು ಬರುತ್ತಿದ್ದ.

"ಹೆದರಬ್ಯಾಡ್ರಿ ಅಕ್ಕಾರ. ಹಿಂದಿನ ಊರಿಗೆ ಹೋದ್ರಾತು, ಅರ್ಧ ತಾಸಿನ ದಾರಿ." ದಸ್ತಗೀರ್ ಗಾಡಿ ಚಾಲೂ ಮಾಡಿದ. ಎಂಜಿನ್ ಗುಡುಗಿತು. ಗಾಡಿ ಅಲ್ಲಾಡಲಿಲ್ಲ. ಹಿಂದಿನ ಚಕ್ರ ಗಿರಗಿರ ತಿರುಗಿ ನನ್ನ ಬಿಳಿ ಅಂಗಿಯ ಮೇಲೆ ಏನನ್ನೋ ರಾಚಿತು.

ಕೆಸರು!

ಓದುಗ ಮಹಾಶಯರೇ, ಥಾರಿನಲ್ಲಿ ಗಾಡಿಗಳು ಮರಳಲ್ಲಿ ಹೂತುಹೋಗುತ್ತವೆ. ಕೆಸರಲ್ಲಿ ಹೂತ ಗಾಡಿ ಸೃಷ್ಟಿಯಾದಾಗಿನಿಂದ ಅದೊಂದೇ! ಶಿರಸಿಯ ಜುಲೈ ತಿಂಗಳನ್ನು ಎರಡು ಸಾವಿರ ಕಿಲೋಮೀಟರು ಹೊತ್ತೊಯ್ದು ಸ್ಥಾಪಿಸಿದ ಕೀರ್ತಿ ನನ್ನದು.

ದಸ್ತಗೀರ್ ಗಾಡಿಯಿಂದ ಇಳಿದ. ಸಲಿಕೆ ತೆಗೆದ. ಒಣಗಿದ ತುಟಿ ಬಿಗಿಹಿಡಿದು ಕೆರೆದ, ಒಣ ಮಣ್ಣು ತುಂಬಿದ, ಕಲ್ಲು ಕೊಟ್ಟ. ನಾನು ಸಲಿಕೆ ಕಸಿದುಕೊಳ್ಳಲು ಹೋದರೆ, "ನಿಮ್ಮದೂ ಉಪವಾಸ ಐತಿ. ಈ ವಯಸ್ಸಿನ್ಯಾಗ ಬ್ಯಾಡ್ರಿ ಸರ್ರ, ಕುಂದರ್ರಿ" ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ಮಾತ್ರ ಸುಣ್ಣ ಹೆಚ್ಚಾದ ಕವಳದಂತೆ ಬಾಯಿಯೆಲ್ಲ ಸುಟ್ಟಿತು.

ಸೂರ್ಯ ಕೆಂಪಾಗುವ ಹೊತ್ತಿಗೆ ದಿಣ್ಣೆಯಾಚೆಯಿಂದ ಗಂಟೆಯ ಸದ್ದು ಬಂತು. ಐವತ್ತು ಅರವತ್ತು ಆಡು, ಹಿಂದೆ ದೊಡ್ಡ ಪೇಟದ ಒಬ್ಬ ಮುದುಕ. ಆಡುಗಳು ನೇರ ನಮ್ಮ ಗಾಡಿಯಡಿಗೆ ನುಗ್ಗಿ, ಇನ್ನೂ ಗುಂಡಿಯಲ್ಲಿ ನಿಂತಿದ್ದ ರಾಡಿ ನೀರಿಗೆ ಬಾಯಿ ಹಾಕಿದವು. ಮುದುಕ ಬೆರಗಾಗಿ ನಿಂತ. ಕೈ ಮುಗಿದು ತನ್ನ ಕಡೆಯ ಹಿಂದಿಯಲ್ಲಿ ಏನೋ ಕೇಳಿದ.

ದಸ್ತಗೀರ್ ಅವನ ಹಿಂದಿ ಕೇಳಿ ನಕ್ಕ. "ಬಾಯಿಲ್ಲದ ಜೀವಕ್ಕ ಇಷ್ಟು ನೀರು ಬಿಟ್ಟ ಧರ್ಮಾತ್ಮ ಯಾರು ಅಂತ ಕೇಳಾಕತ್ತಾನ್ರಿ."

"ಇವರೇ," ಎಂದು ರೋಹಿಣಿ ನನ್ನತ್ತ ಬೆರಳು ತೋರಿಸಿದಳು. "ಭಾರೀ ಧರ್ಮಾತ್ಮ. ಮನೇಲೂ ಹೀಂಗೇಯ!"

ಮುದುಕ ಬಂದು ನನ್ನ ಕಾಲು ಮುಟ್ಟಿದ! ಭೂಮಿ ಬಾಯಿ ಬಿಟ್ಟು ನುಂಗಬಾರದೆ ಎಂದುಕೊಂಡೆ. ಆ ಬಾಯಿಯೂ ಕೆಸರಿನಿಂದ ಮುಚ್ಚಿಹೋಗಿತ್ತು. ಅವನು ಹೆಗಲಿನ ಕ್ಯಾನಿನಿಂದ ಒಂದು ತಂಬಿಗೆ ನೀರು ಬಗ್ಗಿಸಿ, ದಸ್ತಗೀರನ ಮುಂದೆ ಹಿಡಿದ. ಆ ಕ್ಯಾನು ಅಲ್ಲಾಡಿಸಿದ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಅವನ ಹತ್ತಿರ ಉಳಿದದ್ದು ಅಷ್ಟೇ.

ಮೊಬೈಲಿನಲ್ಲಿ ಅಜಾನ್ ಆಯಿತು. ದಸ್ತಗೀರ್ ತಂಬಿಗೆ ತಗೊಂಡ, ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ಆಮೇಲೆ ತಂಬಿಗೆಯನ್ನು ನನ್ನ ಮುಂದೆ ಹಿಡಿದ.

"ಮೊದಲ ನೀವು ಕುಡೀರಿ ಸರ್ರ. ಎಪ್ಪತ್ತರ ಮ್ಯಾಲ ಐದು ದಿನ ರೋಜಾ. ನನಗ ರೂಢಿ ಐತಿ, ನಿಮಗಿಲ್ಲ."

ಇಂಥ ಮನುಷ್ಯನ ಎದುರು ಸುಳ್ಳು ಹೇಳಲು ನನ್ನಂಥ ಪಳಗಿದವನಿಗೂ ನಾಲಿಗೆ ಏಳಲಿಲ್ಲ.

"ಬೇಡ ಕಣೋ, ನೀನು ಕುಡಿ. ನನ್ನದು ಉಪವಾಸ ಅಲ್ಲ. ದಿನಾ ಹಿಂದೆ ಹೋಗಿ ಕವಳ ಹಾಕುತ್ತಿದ್ದೆ. ಇವತ್ತೂ ಬಾಯಿ ಮುಕ್ಕಳಿಸಲು ತೆರೆದ ನಲ್ಲಿ ಅದು."

"ಎಂಗೆ ಮೊದಲೇ ಗೊತ್ತಿತ್ತು!" ಎಂದಳು ರೋಹಿಣಿ.

"ನನಗೂ ಗೊತ್ತಿತ್ರಿ," ಎಂದ ದಸ್ತಗೀರ್. "ಮೊದಲನೇ ದಿನದಿಂದ ಕನ್ನಡ್ಯಾಗ ಕಾಣತಿತ್ತು, ತುಟಿ ಕೆಂಪಗ ಇರ್ತಿತ್ತು. ಊಟಾ ನೀರು ಬಿಟ್ಟಿದ್ದರಲ್ಲ ನೀವು, ಅಷ್ಟ ಸಾಕ್ರಿ. ಮಾಸ್ತರು ನಮ್ಮ ಸಲುವಾಗಿ ಇಷ್ಟು ಮಾಡ್ಯಾರ ಅಂತ ನಮ್ಮವ್ವಗ ಫೋನ್ ಮಾಡಿ ಹೇಳೀನಿ."

ಕುಡಿದ. ಮೂರೇ ಗುಟುಕು. ಉಳಿದದ್ದನ್ನು ರೋಹಿಣಿಗೂ ನನಗೂ ಕೊಟ್ಟು, ಖರ್ಜೂರದ ಡಬ್ಬಿ ಪೂರ್ತಿ ಮುದುಕನ ಕೈಗಿಟ್ಟ. ಆ ಗುಟುಕು ನೀರಿನ ರುಚಿಯನ್ನು ಹೇರೂರಿನ ಅಬ್ಬಿಯೂ ನನಗೆ ತೋರಿಸಿರಲಿಲ್ಲ.

ಅಡಿಗೆ ಒಣ ಮಣ್ಣು ತುಂಬಿದ ಮೇಲೆ ಚಕ್ರ ಕೊನೆಗೂ ಮೇಲೆ ಬಂತು. ದಸ್ತಗೀರ್ ಗಾಡಿ ಬಿಡುವ ಮೊದಲು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ಮೂವತ್ತೆಂಟು ವರ್ಷದ ಹಿಂದೆ ಹಿಂದಿನ ಬೆಂಚಿನಿಂದ ನೋಡುತ್ತಿದ್ದ ಅದೇ ವಿನಯದ ಮುಖ.

"ಸರ್ರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮರುಭೂಮ್ಯಾಗ ನೀರಿಲ್ಲ, ಅದಕ್ಕ ಎಲ್ಲಾರೂ ಹುಷಾರಾಗಿ ಇರ್ತಾರ ಅಂತ ಬರದಿದ್ದೆ ನಾ. ಇವತ್ತಾದ್ರೂ ವಿವರ ಸಾಕಾತೇನ್ರಿ?"